ಬದುಕಿರುವವನ ಮರ

ನನ್ನ ಜೈಲೋಸಿ ಮಾವನಿಗೆ,

ನೀವು ಚೆನ್ನಾಗಿ ಎದ್ದಿದ್ದರೆ ನಾನೂ ಚೆನ್ನಾಗಿ ಎದ್ದಿದ್ದೇನೆ. ಅಮ್ಮ ಚೆನ್ನಾಗಿ ಎದ್ದಿದ್ದರೆ, ದೊರಿಕಾ ದೊಡ್ಡಮ್ಮನ ಮಂಡಿನೋವು ಇವತ್ತು ಏಳದೆ ಮಲಗಿದ್ದರೆ, ನಾನು ಇನ್ನೂ ಚೆನ್ನಾಗಿ ಎದ್ದಿದ್ದೇನೆ.

ನಿಮ್ಮ ಕಣ್ಣಿಗೆ ಪೊರೆ ಬಂದಿರುವುದರಿಂದ ಈ ಪತ್ರವನ್ನು ತಿಯೋಂಗೆ ಓದಿ ಹೇಳುತ್ತಾಳೆ. ನನ್ನ ಮಗಳು ಅಕ್ಷರಗಳ ಮೇಲೆ ಮೇಕೆಮರಿಯ ಹಾಗೆ ಹಾರಿಕೊಂಡು ಹೋಗುತ್ತಾಳೆ. ಎರಡು ಸಾಲಿಗೊಂದು ಸಾಲು ನುಂಗುತ್ತಾಳೆ. ಬಿಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓದಿಸಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ನಿಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಶುರುಮಾಡಿದರೆ ಸಾಕು, “ಸರಿ ಸರಿ, ದುಡ್ಡು ಓಡ್ತಾ ಇರುತ್ತೆ, ಇಡು” ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ.

ಇಲ್ಲಿ ಉತ್ತರದ ಕರೋಂಗಾದಲ್ಲಿ ಎಲ್ಲರೂ ನನ್ನ ದಕ್ಷಿಣದ ಮಾತಿಗೆ ನಗುತ್ತಾರೆ. ಶಾಲೆ ಸರೋವರದ ದಂಡೆಯಲ್ಲೇ ಇದೆ. ಗಾಳಿ ಬೀಸಿದರೆ ಒಣಹಾಕಿದ ಉಸಿಪಾ ಮೀನಿನ ವಾಸನೆ ತರಗತಿಯೊಳಗೇ ಬಂದು ಕೂರುತ್ತದೆ, ಅದೂ ಒಬ್ಬ ವಿದ್ಯಾರ್ಥಿಯ ಹಾಗೆ. ನನ್ನ ಮಕ್ಕಳೆಲ್ಲ ಇನ್ನೂ ಹಾಲುಹಲ್ಲಿನವರು. ಮೊದಲ ವಾರ ಅತ್ತರು, ಎರಡನೇ ವಾರ ನನ್ನ ಸೆರಗು ಹಿಡಿದರು, ಈಗ ನನ್ನ ಮಾತನ್ನೇ ಅಣಕಿಸುತ್ತಾರೆ. ಬಾಗಿಲ ಮೇಲೆ ನನ್ನ ಹೆಸರು ಬರೆದಿದ್ದಾರೆ. ಎಲೂಬಿ ನಮಾಕೋನಾ, ಅದರ ಮುಂದೆ ಪದವಿಯ ಅಕ್ಷರಗಳು. ಬಣ್ಣ ಬಳಿಯುವವನು ಒಂದು ಅಕ್ಷರ ತಲೆಕೆಳಗಾಗಿ ಬರೆದಿದ್ದಾನೆ. ಇರಲಿ ಬಿಡಿ, ಓದುವವರಿಗೆ ಅರ್ಥವಾಗುತ್ತದೆ.

ಆ ಅಕ್ಷರಗಳನ್ನು ನೋಡಿದಾಗೆಲ್ಲ ನಿಮಗೆ ಬರೆಯಬೇಕು ಅನ್ನಿಸುತ್ತದೆ. ನಾನು ಈಗ ಹೇಳುವುದರಲ್ಲಿ ಮುಕ್ಕಾಲು ಭಾಗ ನಿಮಗೆ ಗೊತ್ತಿದೆ, ನೀವೇ ಅಲ್ಲಿದ್ದವರು. ಆದರೆ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ನಿಮಗೆ ಗೊತ್ತಿಲ್ಲ. ನೀವು ಕೇಳುವವರಲ್ಲ, ನಾನು ಹೇಳಲು ನೀವು ಬಿಟ್ಟವರಲ್ಲ.

ಅತ್ತಿಮರದ ಕೆಳಗಿನ ನಮ್ಮ ಶಿಶುಕೇಂದ್ರ ನೆನಪಿದೆಯಲ್ಲ? ತಿಯೋಂಗೆಯ ಅಪ್ಪ ಗಡಿ ದಾಟಿ ಜೋನಿ ಪಟ್ಟಣಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ ಮೇಲೆ ನಾನು ಆ ಮರದ ಕೆಳಗೆ ಹೋಗಿ ಕೂತೆ. ತಾಯಂದಿರು ಹೊಲಕ್ಕೆ ಹೋಗುವಾಗ ಮಕ್ಕಳನ್ನು ಬಿಟ್ಟುಹೋಗುತ್ತಿದ್ದರು. ನಾವು ನಾಲ್ಕಾರು ಹೆಂಗಸರು ಸೇರಿ ಜೋಳದ ಗಂಜಿಗೆ ಕಡಲೆಕಾಯಿ ಪುಡಿ ಹಾಕಿ ಕುದಿಸಿ, ಹಾಡು ಹೇಳಿಸಿ, ಮೂಗು ಒರೆಸಿ, ಮಧ್ಯಾಹ್ನ ವಾಪಸು ಕಳಿಸುತ್ತಿದ್ದೆವು. ಸಂಬಳವಿಲ್ಲ. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಅದು ಮೇಲು ಎಂದು ಹೋದವಳು ನಾನು. ಹೋಗಿ ಹೋಗಿ ಒಂದು ದಿನ ನೋಡಿದರೆ, ಆ ಮಕ್ಕಳಿಲ್ಲದ ಭಾನುವಾರ ನನಗೆ ಖಾಲಿ ಗಡಿಗೆಯ ಹಾಗೆ ಅನ್ನಿಸುತ್ತಿತ್ತು.

ಜಿಲ್ಲಾ ಕಚೇರಿಯಿಂದ ಬಂದ ಆ ಹೆಂಗಸು ಹೇಳಿದ್ದು ಆಗಲೇ: ಚಿಕ್ಕ ಮಕ್ಕಳ ಶಿಕ್ಷಣಕ್ಕೆಂದೇ ವಿಶ್ವವಿದ್ಯಾಲಯದಲ್ಲಿ ಪದವಿ ಇದೆ, ನೀನು ಹೈಸ್ಕೂಲು ಮುಗಿಸಿದವಳು, ನಿನ್ನಂಥವರಿಗೆ ಶುಲ್ಕವನ್ನು ಕಟ್ಟುವವರಿದ್ದಾರೆ. ಮನೆಯವರ ಒಪ್ಪಿಗೆಯೊಂದು ಬೇಕು, ಅಷ್ಟೆ.

ಅಷ್ಟೆ! ಆ ‘ಅಷ್ಟೆ’ಗಾಗಿ ಅಮ್ಮನ ಅಂಗಳದಲ್ಲಿ ಚಾಪೆ ಹಾಸಿದರು. ಅತ್ತೆ ತೀರಿಕೊಂಡ ಮೇಲೆ ನೀವು ತಂಗಿಯ ಅಂಗಳಕ್ಕೇ ಮರಳಿ ಬಂದಿದ್ದಿರಿ. ನಮ್ಮ ಕುಟುಂಬದಲ್ಲಿ ಯಾರು ಯಾರನ್ನು ಮದುವೆಯಾಗಬೇಕು, ಯಾರು ಯಾವ ಹೊಲ ಉಳಬೇಕು ಎಂದು ಹೇಳಬೇಕಾದವರು ಸೋದರಮಾವನಾದ ನೀವೇ. ಎಲ್ಲರೂ ಚಾಪೆಯ ಮೇಲೆ, ನೀವೊಬ್ಬರೇ ಮಣೆಯ ಮೇಲೆ. ನಿಮ್ಮ ಕೂದಲಲ್ಲಿ ಮರದ ಹೊಟ್ಟು ಇತ್ತು. ಅವತ್ತು ಬೆಳಿಗ್ಗೆ ಯಾರಿಗೋ ಶವಪೆಟ್ಟಿಗೆ ಮಾಡಿ ಕಳಿಸಿ ಬಂದಿದ್ದಿರಿ.

ದೊರಿಕಾ ದೊಡ್ಡಮ್ಮನೇ ಮೊದಲು ಬಾಯಿ ತೆಗೆದಳು. “ಅಲ್ಲ ಕಣೇ, ಮಕ್ಕಳ ಮೂಗು ಒರೆಸೋಕೆ ಡಿಗ್ರಿ ಬೇಕಾ? ನಾನು ಏಳು ಮಕ್ಕಳ ಮೂಗು ಒರೆಸಿದೀನಿ. ನನಗೆ ಯಾರಾದರೂ ಕರೀ ಗೌನು ಹಾಕಿದ್ರಾ?”

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನಾನು ತಲೆತಗ್ಗಿಸಿಕೊಂಡೇ, “ಆಟದಿಂದ ಮಕ್ಕಳು ಹೇಗೆ ಕಲೀತಾರೆ ಅಂತ ಹೇಳಿಕೊಡ್ತಾರೆ ದೊಡ್ಡಮ್ಮ” ಎಂದೆ. ಅದು ಇನ್ನೂ ಕೆಟ್ಟಿತು.

“ಆಡೋದು ಕಲಿಯೋಕೆ ನಾಲ್ಕು ವರ್ಷ! ನಮ್ಮನೆ ಆಡಿಗೆ ಯಾರು ಕಲಿಸಿದ್ರೇ ಆಡೋದನ್ನ?”

ಆ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಾನು ಇನ್ನೇನು ಎದ್ದು ಹೋಗುವವಳಿದ್ದೆ. ನೀವು ನಗಲಿಲ್ಲ. ಅಂಗೈಯ ಗಾಯದ ಗುರುತನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದವರು, ಯಾರನ್ನೂ ನೋಡದೆ ಹೇಳಿದಿರಿ: “ಅಕ್ಕ, ನಾನು ಹುಡುಗನಾಗಿದ್ದಾಗಿಂದ ಚಿಕ್ಕ ಪೆಟ್ಟಿಗೆ ಮಾಡ್ತಾ ಬಂದೀನಿ. ಮಣ್ಣಿನ ಕೆಳಗೆ ಹೋಗೋ ಮಕ್ಕಳಿಗೆ ನಮ್ಮ ಮನೇಲಿ ಒಬ್ಬ ಕಸುಬುದಾರ ಇದ್ದಾನೆ. ಮಣ್ಣಿನ ಮೇಲೆ ಓಡಾಡೋ ಮಕ್ಕಳಿಗೂ ಒಬ್ಬಳು ಇರಲಿ.”

ಅಷ್ಟು ಹೇಳಿ ಎದ್ದು ಅಂಗಡಿಗೆ ಹೋದಿರಿ. ಸಭೆ ಮುಗಿದಿತ್ತು. ನಾನು ಹೊಲದ ಬಗ್ಗೆ ಕೇಳಬೇಕಾಗಿತ್ತು, ತಿಯೋಂಗೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬೇಕಾಗಿತ್ತು. ಕೇಳುವ ಮೊದಲೇ ನೀವು ಅವೆರಡನ್ನೂ ಹೊತ್ತುಕೊಂಡಿರಿ. ಆ ಮಳೆಗಾಲದಲ್ಲಿ ನಮ್ಮ ತೊಗರಿ ಹೊಲದಲ್ಲಿ ಗುದ್ದಲಿ ಹಿಡಿದು ಬಗ್ಗಿದ ನಿಮ್ಮನ್ನು ನೋಡಿ, “ಮಾವ ಸೊಸೆಗೆ ಜೀತಕ್ಕೆ ಬಿದ್ದಿದ್ದಾನೆ” ಎಂದು ದಾರಿಹೋಕರು ಆಡಿಕೊಂಡರಂತೆ. ಅಮ್ಮ ಆಮೇಲೆ ಹೇಳಿದಳು. ನೀವು ಅವರಿಗೆ ಏನು ಹೇಳಿದಿರಿ ಎಂದು ಕೇಳಿದರೆ, “ಏನೂ ಇಲ್ಲ, ಬಿಸಿಲಿದೆ ಟೋಪಿ ಹಾಕ್ಕೊಳ್ಳಿ ಅಂದ” ಎಂದಳು.

ವಿಶ್ವವಿದ್ಯಾಲಯದಲ್ಲಿ ನನ್ನ ತರಗತಿಯ ಹುಡುಗಿಯರು ನನ್ನನ್ನು ಅಜ್ಜಿ ಎಂದು ಕರೆದರು. ಮೊದಮೊದಲು ಚುಚ್ಚಲು, ಆಮೇಲೆ ಪ್ರೀತಿಯಿಂದ, ಕೊನೆಗೆ ಬಟ್ಟೆಯ ಗುಂಡಿ ಹೊಲಿಸಿಕೊಳ್ಳಲು. ಮೊದಲ ದಿನದ ಪಾಠದಲ್ಲಿ ಮೇಡಂ ಲುಹಂಗಾ ಎಲ್ಲರನ್ನೂ ಕೇಳಿದರು: ನಿಮ್ಮ ಬಾಲ್ಯದ ಮೊತ್ತಮೊದಲ ನೆನಪು ಯಾವುದು? ಒಬ್ಬಳು ಹುಟ್ಟುಹಬ್ಬದ ಕೇಕು ಎಂದಳು, ಒಬ್ಬಳು ಬ್ಲಾಂಟೈರಿನ ರೈಲು ಎಂದಳು. ನಾನು ನಿಮ್ಮ ಅಂಗಡಿ ಎಂದೆ. ಹೊಟ್ಟಿನ ರಾಶಿಯ ಮೇಲೆ ಕೂತಿದ್ದೇನೆ, ನೀವು ಹಲಗೆ ಹೆರೆಯುವ ಕೀಸುಳಿ ತಳ್ಳಿದ ಹಾಗೆಲ್ಲ ಮರದ ಸುರುಳಿಗಳು ಹಾರಿ ಬೀಳುತ್ತವೆ, ನಾನು ಅವನ್ನು ಬಳೆ ಮಾಡಿ ತೊಡುತ್ತೇನೆ. ಸುತ್ತಲೂ ಗೋಡೆಗೆ ಆನಿಸಿದ ಶವಪೆಟ್ಟಿಗೆಗಳು, ದೊಡ್ಡವು, ಚಿಕ್ಕವು.

ಮೇಡಂ ಕೇಳಿದರು, “ನಿನಗೆ ಹೆದರಿಕೆ ಆಗ್ತಿರಲಿಲ್ವಾ?”

“ಯಾಕೆ ಆಗಬೇಕು? ಅಲ್ಲಿ ಮಾವ ಇದ್ರಲ್ಲ” ಎಂದೆ.

ಅವರು ತಿರುಗಿ ಹಲಗೆಯ ಮೇಲೆ ಬರೆದರು: ಮಗು ಜಾಗವನ್ನು ನೋಡುವುದಿಲ್ಲ, ಆ ಜಾಗದಲ್ಲಿ ಯಾರಿದ್ದಾರೆ ಎಂದು ನೋಡುತ್ತದೆ. ಮುಂದೆ ನಾಲ್ಕು ವರ್ಷ ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದ್ದೆಲ್ಲ ಆ ಒಂದು ಸಾಲಿನ ಸುತ್ತಲೇ ಸುತ್ತಿತು. ಆದರೆ ಆ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು, ನನ್ನ ಇಂಗ್ಲಿಷು ಅತ್ತಿಮರದ ಕೆಳಗೇ ಉಳಿದುಬಿಟ್ಟಿತ್ತು. ಮೊದಲ ಪರೀಕ್ಷೆಯಲ್ಲಿ ಮಗುವಿನ ಬೆಳವಣಿಗೆಯ ವಿಷಯದಲ್ಲೇ ನಪಾಸಾದೆ. ಮಗು ಹೆತ್ತು ಸಾಕಿದವಳು ಅದರಲ್ಲೇ ನಪಾಸು, ಮದುವೆಯೇ ಆಗದ ಹುಡುಗಿಯರು ಪಾಸು. ಬಿಟ್ಟು ಬರುತ್ತೇನೆ ಎಂದು ನಿಮಗೆ ಫೋನು ಮಾಡಿದೆ. ನೀವು ಸಮಾಧಾನ ಹೇಳಲಿಲ್ಲ. “ಹಲಗೇಲಿ ಗಂಟು ಬಂತಾ?” ಎಂದಿರಿ. “ಗಂಟಿನ ಮೇಲೆ ಒಂದೇ ಕಡೆಯಿಂದ ಕೀಸ್ತಾ ಇದ್ರೆ ಅಲಗು ಮುರಿಯುತ್ತೆ. ಹಲಗೆ ತಿರುಗಿಸು. ಆ ಕಡೆಯಿಂದ ಬಾ.” ಇಟ್ಟುಬಿಟ್ಟಿರಿ.

ನಾನು ತಿರುಗಿಸಿದೆ. ಪ್ರತಿ ಪಾಠವನ್ನೂ ಮೊದಲು ನಮ್ಮ ಭಾಷೆಯಲ್ಲಿ ನನಗೆ ನಾನೇ, ದೊಡ್ಡಮ್ಮನಿಗೆ ವಾದ ಹೇಳುವ ಹಾಗೆ ಹೇಳಿಕೊಂಡೆ. ಅವಳು ಏನೇನು ಅಡ್ಡಪ್ರಶ್ನೆ ಹಾಕಬಹುದೋ ಅವಕ್ಕೆಲ್ಲ ಉತ್ತರ ಹೊಂದಿಸಿದೆ. ಆಮೇಲೆ ಇಂಗ್ಲಿಷಿಗೆ ಹೋದೆ. ಮರುಪರೀಕ್ಷೆಯಲ್ಲಿ ಪಾಸಾದೆ. ಆದ್ದರಿಂದ ದೊಡ್ಡಮ್ಮನಿಗೂ ಹೇಳಿ, ಈ ಪದವಿಯಲ್ಲಿ ಅವಳ ಬಾಯಿಗೂ ಒಂದು ಪಾಲಿದೆ.

ಈಗ ಮೂರನೇ ವರ್ಷಕ್ಕೆ ಬರುತ್ತೇನೆ. ತಿಯೋಂಗೆ, ಇಲ್ಲಿಂದ ನಿಧಾನ, ಮಗಳೇ.

ಒಂದು ಹಳ್ಳಿಗೆ ಹೋಗಿ ಇಡೀ ಅವಧಿ ಪಾಠ ಮಾಡಬೇಕು, ಆಟದ ಸಾಮಾನುಗಳನ್ನು ನಾವೇ ಮಾಡಿಕೊಂಡು ಹೋಗಬೇಕು, ಕೊನೆಗೆ ಮೇಡಂ ಬಂದು ನೋಡಿ ಅಂಕ ಕೊಡುತ್ತಾರೆ. ಮರದ ತುಂಡುಗಳನ್ನು ಮಾಡಿಸಬೇಕೆಂದು ನನ್ನ ಆಸೆ. ಎರಡು ಅರ್ಧ ಸೇರಿದರೆ ಒಂದಾಗಬೇಕು, ಎರಡು ಇಡೀ ತುಂಡು ಸೇರಿದರೆ ಉದ್ದನೆಯದೊಂದಾಗಬೇಕು. ಮಗು ಜೋಡಿಸುತ್ತ ಜೋಡಿಸುತ್ತ ಲೆಕ್ಕವನ್ನು ಕೈಯಲ್ಲೇ ಹಿಡಿಯುತ್ತದೆ. ರಜೆಗೆ ಬಂದವಳು ನೇರ ನಿಮ್ಮ ಅಂಗಡಿಗೆ ಬಂದೆ. ಮೂಲೆಯಲ್ಲಿ ಚೂರು ಹಲಗೆಗಳ ರಾಶಿಯೇ ಇತ್ತು. “ಇದರಲ್ಲೇ ಕೊಯ್ದುಕೊಡಿ ಮಾವ” ಎಂದೆ.

“ಮುಟ್ಟಬೇಡ” ಎಂದಿರಿ. ಅಷ್ಟು ಗಟ್ಟಿಯಾಗಿ ನನ್ನ ಮೇಲೆ ನೀವು ಎಂದೂ ದನಿ ಎತ್ತಿರಲಿಲ್ಲ. “ಅದು ಬೇರೆಯವರ ಪೆಟ್ಟಿಗೆಯಿಂದ ಉಳಿದದ್ದು. ಬೇರೆಯವರ ಸಾವು. ಅದನ್ನ ಮಕ್ಕಳ ಕೈಗೆ ಕೊಡೋಕಾಗಲ್ಲ.”

ನಿಮ್ಮ ಇಬ್ಬರು ಎಳೆಯ ಮಕ್ಕಳ ಪೆಟ್ಟಿಗೆಗಳನ್ನೂ ನೀವೇ ಮಾಡಿದಿರೆಂದು ಅಮ್ಮ ಒಮ್ಮೆ ಹೇಳಿದ್ದಳು. ನೀವು ಎಂದೂ ಹೇಳಿದವರಲ್ಲ. ನಾನು ವಾದ ಮಾಡದೆ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಅಂಗಡಿಯಿಂದ ಗರಗಸದ ಸದ್ದು ಕೇಳಿ ಅಮ್ಮ ಓಡಿಬಂದಳು. ಅಟ್ಟದ ಮೇಲೆ ಗೋಣಿ ಸುತ್ತಿ ವರ್ಷಗಟ್ಟಲೆ ಒಣಗಿಸಿದ್ದ ಮ್ಬಾವಾ ಮರದ ಕೆಂಪು ಹಲಗೆಗಳು ಊರಿಗೆಲ್ಲ ಗೊತ್ತಿದ್ದವು. ಅವು ನಿಮ್ಮದೇ ಪೆಟ್ಟಿಗೆಗೆ ಎತ್ತಿಟ್ಟವು. “ಜೈಲೋಸಿ, ಹಾಸಿಗೆ ರೆಡಿ ಇದೆ, ಯಾವಾಗ ಮಲಗ್ತೀಯಾ?” ಎಂದು ದೊಡ್ಡಮ್ಮ ಹಬ್ಬಹಬ್ಬಕ್ಕೂ ಕೇಳುತ್ತಿದ್ದಳು. ಅವನ್ನೇ ಇಳಿಸಿ ಕೊಯ್ಯುತ್ತಿದ್ದಿರಿ. ಅಮ್ಮ ಗರಗಸದ ಮೇಲೆ ಕೈ ಇಟ್ಟು ಅತ್ತಳು. “ಅಣ್ಣ, ಇದೂ ಪೆಟ್ಟಿಗೆ ಮರಾನೇ ಅಲ್ವಾ?”

“ಹೌದು. ಆದ್ರೆ ಇದರೊಳಗೆ ಯಾರೂ ಸತ್ತಿಲ್ಲವಲ್ಲ. ಇದು ಬದುಕಿರೋನ ಮರ” ಎಂದು ಅವಳ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಿರಿ.

ಮೊದಲು ಕೊಯ್ದವು ದೊಡ್ಡವಾದವು. ನಿಮ್ಮ ಕೈಗೆ ರೂಢಿಯಾಗಿದ್ದ ಅಳತೆಯೇ ಬೇರೆ. ನಾನು ಚಿತ್ರ ತೋರಿಸಿ, “ಇಷ್ಟು, ಒಂದು ಮಗುವಿನ ಮುಷ್ಟಿಗೆ ಸಿಗುವಷ್ಟು” ಎಂದಾಗ ತಿಯೋಂಗೆಯನ್ನು ಕರೆದು ಅವಳ ಕೈ ಹಿಡಿದು ನೋಡಿದಿರಿ. ಮೂಲೆಗಳನ್ನು ಯಾಕೆ ದುಂಡಗೆ ಮಾಡಬೇಕು ಎಂದು ಕೇಳಿದಿರಿ. “ಮಕ್ಕಳು ಬಾಯಿಗೆ ಹಾಕ್ತಾರೆ ಮಾವ” ಎಂದೆ. ನೀವು ಕೈಯಲ್ಲಿದ್ದ ತುಂಡನ್ನು ಬಹಳ ಹೊತ್ತು ನೋಡಿದಿರಿ. “ಬಾಯಿಗೆ ಹಾಕೋ ಅಂಥದ್ದು ನಾನು ಯಾವತ್ತೂ ಮಾಡಿದ್ದಿಲ್ಲ” ಎಂದಿರಿ. ಆಮೇಲೆ ಒಂದೊಂದನ್ನೂ ಉಜ್ಜಿ, ಸಿಬಿರು ಇದೆಯೇ ಎಂದು ನಿಮ್ಮ ತುಟಿಗೆ ಒತ್ತಿ ನೋಡಿ ಬುಟ್ಟಿಗೆ ಹಾಕಿದಿರಿ. ಒಂದೊಂದನ್ನೂ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ನಿಮಗೆ ಗೊತ್ತಿರಲಿಲ್ಲ.

ನನ್ನನ್ನು ಕಳಿಸಿದ ನಾಸೋಲೋ ಹಳ್ಳಿಯ ಮಕ್ಕಳಿಗೆ ಆ ತುಂಡುಗಳೆಂದರೆ ಹಬ್ಬ. ಗೋಪುರ ಕಟ್ಟಿದರು, ಬೀಳಿಸಿದರು, ಬಿದ್ದದ್ದಕ್ಕೆ ಕೇಕೆ ಹಾಕಿದರು. ಆದರೆ ಒಂದು ಮಗುವಿಗೆ ಮಲೇರಿಯಾ ಜ್ವರ ಬಂತು, ಮಳೆಗಾಲದಲ್ಲಿ ಯಾರ ಮನೆಯಲ್ಲಿ ಇಲ್ಲದ ಜ್ವರ ಅದು? ಬಾವಿಕಟ್ಟೆಯಲ್ಲಿ ಯಾರೋ ಮಾತು ಹಚ್ಚಿದರು: ಆ ಟೀಚರಮ್ಮ ಪೆಟ್ಟಿಗೆ ಮಾಡುವವನ ಸೊಸೆಯಂತೆ, ಅವಳು ತಂದಿರುವುದು ಹೆಣದ ಮರವಂತೆ, ಮುಟ್ಟಿದ ಮಕ್ಕಳನ್ನು ಸತ್ತವರು ಕರೆಯುತ್ತಾರಂತೆ. ಮರುದಿನ ಅರ್ಧ ಮಕ್ಕಳು ಬರಲಿಲ್ಲ. ಆ ವಾರದ ಕೊನೆಗೆ ಚಾಪೆ ಪೂರ್ತಿ ಖಾಲಿ. ಮನೆ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ, “ಮಗೂಗೆ ಹುಷಾರಿಲ್ಲ” ಎನ್ನುತ್ತಿದ್ದರು. ಆ ಮಗುವೋ ಒಳಗಿಂದ ನನ್ನ ಹಾಡನ್ನೇ ಹಾಡುತ್ತಿತ್ತು. ಮೇಡಂ ಬರುವ ದಿನ ಹತ್ತಿರವಾಗಿತ್ತು. ಮಕ್ಕಳೇ ಇಲ್ಲದ ಟೀಚರಿಗೆ ಯಾರು ಅಂಕ ಕೊಡುತ್ತಾರೆ? ವರ್ಷವಿಡೀ ಹೋಗುತ್ತಿತ್ತು, ಶುಲ್ಕ ಕಟ್ಟುವವರೂ ಹೋಗುತ್ತಿದ್ದರು. ಅಮ್ಮನಿಗೆ ಫೋನು ಮಾಡಿ ಅತ್ತೆ. ನಿಮಗೆ ಹೇಳಬೇಡ ಎಂದೆ.

ಮರುದಿನ ಬೆಳಿಗ್ಗೆಯೇ ನೀವು ಬಾಡಿಗೆ ಸೈಕಲ್ಲಿನ ಹಿಂದೆ ಕೂತು ಬಂದಿರಿ. ಅದೂ ಆ ಕರಿಯ ಕೋಟು ಹಾಕಿಕೊಂಡು! ಶವಸಂಸ್ಕಾರಕ್ಕೆ ಮಾತ್ರ ಹಾಕುವ ಕೋಟದು. ಹಳ್ಳಿಗೆ ಹಳ್ಳಿಯೇ ಹೊರಗೆ ಬಂದು, “ಯಾರು ಹೋದ್ರು? ಯಾರ ಮನೇಲಿ?” ಎಂದು ಒಬ್ಬರನ್ನೊಬ್ಬರು ಕೇಳತೊಡಗಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀವು ನೇರ ಊರ ಮುಖ್ಯಸ್ಥೆಯ ಅಂಗಳಕ್ಕೆ ಹೋಗಿ, ಟೋಪಿ ತೆಗೆದು, ಕೈ ತಟ್ಟಿ ನಮಸ್ಕರಿಸಿ, ಊರನ್ನು ಕರೆಸಿ ಎಂದು ಕೇಳಿಕೊಂಡಿರಿ. ಊರು ಹೇಗೂ ಬಂದೇಬಿಟ್ಟಿತ್ತು.

“ನೀವು ಹೇಳ್ತಿರೋದು ನಿಜ” ಎಂದು ಶುರುಮಾಡಿದಿರಿ. “ಅದು ಪೆಟ್ಟಿಗೆ ಮರಾನೇ.”

ಹೆಂಗಸರು ಬಾಯಿಗೆ ಕೈ ಹಚ್ಚಿದರು. ಮುಗಿಯಿತು, ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡೆ ನಾನು.

“ಆದ್ರೆ ಯಾರ ಪೆಟ್ಟಿಗೆ ಅಂತ ಯಾರೂ ಕೇಳಲಿಲ್ಲ. ಅದು ನಂದು. ನನಗೆ ಅಂತ ಎತ್ತಿಟ್ಟಿದ್ದು. ನಾನು ಇಲ್ಲೇ ನಿಂತಿದೀನಿ, ಬೇಕಾದ್ರೆ ಮುಟ್ಟಿ ನೋಡಿ. ಬೆಳಿಗ್ಗೆ ಎರಡು ಬಟ್ಟಲು ಗಂಜಿ ಕುಡಿದು ಬಂದಿದೀನಿ.”

ಯಾರೋ ಕಿಸಕ್ಕೆಂದರು. ಹಿಂದಿನಿಂದ ಒಬ್ಬ ಮುದುಕ ಕೂಗಿದ, “ಹಾಗಾದ್ರೆ ನೀನು ಸತ್ರೆ ನಿನ್ನ ಯಾವುದರಲ್ಲಿ ಹೂಳೋದೋ, ಪೆಟ್ಟಿಗೆ ಮೇಸ್ತ್ರಿ?”

“ಚಾಪೆ ಇದೆಯಲ್ಲ. ನನ್ನ ಅಜ್ಜ ಹೋಗಿದ್ದು ಚಾಪೇಲೇ. ಮಣ್ಣು ಬೇಡ ಅನ್ನಲಿಲ್ಲ.”

ಆಗ ನಗು ಜೋರಾಗಿಯೇ ಬಂತು. ಆದರೆ ನಗುವುದು ಬೇರೆ, ಮಗುವನ್ನು ಕಳಿಸುವುದು ಬೇರೆ. ನಕ್ಕು ಮುಗಿದ ಮೇಲೆ ಎಲ್ಲರೂ ಮತ್ತೆ ಹಾಗೇ ನಿಂತರು. ಮುಖ್ಯಸ್ಥೆ ನೆಲ ನೋಡುತ್ತ ಕೂತಿದ್ದರು. ನೀವು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಿರಿ. ನಿಮ್ಮ ಹತ್ತಿರ ಹೇಳಲು ಇನ್ನೇನೂ ಉಳಿದಿಲ್ಲ ಎಂದು ನನಗೆ ಗೊತ್ತಾಯಿತು.

ಆಗಲೇ ಮಾಲಿತಾ ಮುಂದೆ ಬಂದಳು. ಬೆನ್ನಿಗೆ ಮಗು ಕಟ್ಟಿಕೊಂಡಿದ್ದ ಆ ತೆಳ್ಳಗಿನ ಹೆಂಗಸಿನ ಮುಖ ನಿಮಗೆ ನೆನಪಿರಲಿಲ್ಲ ಎಂದು ನೀವು ಆಮೇಲೆ ಹೇಳಿದಿರಿ. ಅವಳಿಗೆ ನಿಮ್ಮ ನೆನಪಿತ್ತು.

“ದಡಾರದ ವರ್ಷ ನನ್ನ ದೊಡ್ಡ ಮಗಳು ಹೋದಳಲ್ಲ” ಎಂದು ಅವಳು ಊರಿಗೆ ಹೇಳಿದಳು, ನಿಮಗಲ್ಲ. “ಈ ಮನುಷ್ಯನ ಹತ್ತಿರಾನೇ ಹೋಗಿದ್ದೆ. ಪೆಟ್ಟಿಗೆ ಆಗೋವರೆಗೂ ಅಲ್ಲೇ ನೆಲದ ಮೇಲೆ ಕೂತಿದ್ದೆ. ಹೊರಗಡೆ ಉಜ್ಜಿ ಮುಗಿಸಿದ ಮೇಲೆ ಒಳಗಡೆ ಉಜ್ಜೋಕೆ ಶುರು ಮಾಡಿದ. ನಾನು ಕೇಳಿದೆ, ಒಳಗೆ ಯಾಕೆ ಉಜ್ಜುತೀಯಾ, ಯಾರು ನೋಡ್ತಾರೆ ಅಂತ. ಇವನು ಏನಂದ ಗೊತ್ತಾ? ‘ಮಗು ಮಲಗುತ್ತಲ್ಲ ತಾಯಿ’ ಅಂದ.”

ಮಾಲಿತಾ ಎದೆಯ ಮೇಲಿನ ಚಿತೆಂಜೆ ಬಟ್ಟೆಯ ಗಂಟು ಬಿಚ್ಚಿದಳು, ಬೆನ್ನ ಮೇಲಿನ ಮಗನನ್ನು ಮುಂದಕ್ಕೆ ತಂದಳು. “ಈ ಕೈ ನನ್ನ ಸತ್ತ ಮಗುವಿಗೇ ನೋವು ಮಾಡಲಿಲ್ಲ. ಬದುಕಿರೋ ಮಗೂಗೆ ಮಾಡುತ್ತಾ?” ಎಂದವಳೇ ಅಂಗಳದ ಅಂಚಿನಲ್ಲೇ ಇದ್ದ ನಮ್ಮ ಶಾಲೆಯ ಖಾಲಿ ಚಾಪೆಯ ಮೇಲೆ, ಬುಟ್ಟಿಯ ಪಕ್ಕದಲ್ಲಿ ಅವನನ್ನು ಕೂರಿಸಿದಳು. ಅವನು ಬುಟ್ಟಿಗೆ ಕೈ ಹಾಕಿದ, ಒಂದು ಅರ್ಧ ತುಂಡು ಎತ್ತಿಕೊಂಡ, ಹಿಂದೆ ಮುಂದೆ ನೋಡದೆ ಬಾಯಿಗೆ ಹಾಕಿದ.

ನೀವು ಆ ಕಡೆ ತಿರುಗಿ ಮುಲಾಂಜೆ ಬೆಟ್ಟವನ್ನು ನೋಡುತ್ತ ನಿಂತಿರಿ. ಬೆಟ್ಟಕ್ಕೆ ಮೋಡ ಮುಚ್ಚಿತ್ತು, ನೋಡಲು ಅಲ್ಲಿ ಏನೂ ಇರಲಿಲ್ಲ.

ಎಲ್ಲರೂ ಮಕ್ಕಳನ್ನು ಕಳಿಸಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಕೊನೆಯವರೆಗೂ ಕಳಿಸಲೇ ಇಲ್ಲ. ಆದರೆ ಮುಖ್ಯಸ್ಥೆ ತಮ್ಮ ಮೊಮ್ಮಗನನ್ನು ಕಳಿಸಿದರು, ಆಮೇಲೆ ಅವರ ನೆರೆಮನೆಯವರು, ಆಮೇಲೆ ಆ ಅಡ್ಡಮಾತಿನ ಮುದುಕನೇ ಒಂದು ಹುಡುಗಿಯ ಕೈ ಹಿಡಿದುಕೊಂಡು ಬಂದ. ಮೇಡಂ ಲುಹಂಗಾ ಬಂದ ದಿನ ಚಾಪೆ ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ನಿಮಗೆ ಇದನ್ನು ಹೇಳಿಲ್ಲ: ಅವತ್ತು ಮುಖ್ಯಸ್ಥೆಯ ಮೊಮ್ಮಗ ಉದ್ದದ ತುಂಡುಗಳನ್ನು ನಾಲ್ಕೂ ಕಡೆ ಜೋಡಿಸಿ ಒಂದು ಪೆಟ್ಟಿಗೆಯಂಥದ್ದು ಕಟ್ಟಿದ. ಅದರೊಳಗೆ ಜೋಳದ ದಿಂಡಿನ ಬೊಂಬೆಗಳನ್ನು ಸಾಲಾಗಿ ಮಲಗಿಸಿದ. ಬಾಗಿಲಲ್ಲಿ ನಿಂತಿದ್ದ ತಾಯಂದಿರೂ ಅದನ್ನೇ ನೋಡುತ್ತಿದ್ದರು. ಮೇಡಂ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದರು, “ಇದೇನು ಮರಿ?”

“ಕಾಣಲ್ವಾ? ಬಸ್ಸು” ಎಂದ ಅವನು, ಇಷ್ಟೂ ಗೊತ್ತಿಲ್ಲದ ಹೆಂಗಸು ಎಂಬಂತೆ. “ಬ್ಲಾಂಟೈರಿಗೆ ಹೋಗ್ತಾ ಇದೆ. ದೂರ ಅಲ್ವಾ, ಎಲ್ಲರೂ ನಿದ್ದೆ ಮಾಡ್ತಿದಾರೆ. ಹತ್ತಿ, ಜಾಗ ಇದೆ.”

ಮೇಡಂ ಹತ್ತಿದರು. ವಿಶ್ವವಿದ್ಯಾಲಯದ ಅಷ್ಟು ದೊಡ್ಡ ಹೆಂಗಸು ಚಾಪೆಯ ಮೇಲೆ ಆ ಬಸ್ಸಿನ ಹಿಂದೆ ಕೂತು, ಕಂಡಕ್ಟರನಿಗೆ ಎಲೆಯ ಟಿಕೆಟಿಗೆ ಕಲ್ಲಿನ ದುಡ್ಡು ಕೊಟ್ಟು, ಚಿಲ್ಲರೆಗಾಗಿ ಜಗಳವಾಡಿದರು. ಬಾಗಿಲಲ್ಲಿದ್ದ ತಾಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನೀರು ಕುಡಿಯುವ ನೆಪದಲ್ಲಿ ಹಿಂದೆ ಹೋಗಿ ಅತ್ತುಬಂದೆ. ಅದು ದುಃಖದ್ದಲ್ಲ ಮಾವ.

ಹಾಗೆ ಮೂರನೆಯ ವರ್ಷ ದಾಟಿದೆ, ನಾಲ್ಕನೆಯದು ದಾಟಿದೆ. ಪದವಿ ಪ್ರದಾನದ ದಿನ ಮನೆಯವರಿಗೆಂದು ಇಬ್ಬರಿಗೆ ಮಾತ್ರ ಚೀಟಿ ಕೊಟ್ಟರು. ಒಂದು ನಿಮಗೆ, ಒಂದು ಅಮ್ಮನಿಗೆ ಎಂದುಕೊಂಡಿದ್ದೆ. ನೀವು ನಿಮ್ಮದನ್ನು ತಿಯೋಂಗೆಯ ಕೈಗಿಟ್ಟಿರಿ. “ಅವಳು ನೋಡಲಿ. ಒಳಗೆ ಭಾಷಣ ಇರುತ್ತೆ, ನನಗೆ ನಿದ್ದೆ ಬರುತ್ತೆ” ಎಂದು ಹೊರಗೆ ಜಕರಂಡ ಮರದ ಕೆಳಗೆ ಕೂತುಬಿಟ್ಟಿರಿ. ಒಳಗೆ ನನ್ನ ಹೆಸರು ಕರೆದಾಗ ಅಮ್ಮ ಹಾಕಿದ ಉಲುಲು ಕೇಕೆಗೆ ವೇದಿಕೆಯ ಮೇಲಿದ್ದವರೆಲ್ಲ ತಲೆ ಎತ್ತಿದರು. ಹೊರಗೆ ಕಿತ್ತಳೆ ಮಾರುತ್ತಿದ್ದ ಹೆಂಗಸು ಆಮೇಲೆ ನನಗೆ ಹೇಳಿದಳು: ಆ ಕೇಕೆ ಕೇಳಿದ್ದೇ ತಡ ನಿಮ್ಮ ಮುದುಕ ಎದ್ದು ನಿಂತು, ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, “ಏನಾಯ್ತಜ್ಜಾ?” ಅಂತ ಕೇಳಿದ್ರೆ, “ನನ್ನ ತಂಗಿ ದನಿ. ಈಗ ಆಯ್ತು” ಅಂದ.

ನಾನು ಹೊರಗೆ ಓಡಿಬಂದೆ. ನಮ್ಮವರ ಪದ್ಧತಿಯಂತೆ ನಿಮ್ಮ ಮುಂದೆ ಮಂಡಿಯೂರಿ, ಕೈ ತಟ್ಟಿ, ಕೃತಜ್ಞತೆ ಹೇಳಬೇಕೆಂದು ಎಷ್ಟು ದಿನದಿಂದ ಮಾತು ಜೋಡಿಸಿಟ್ಟಿದ್ದೆ! ಇನ್ನೂ ಅರ್ಧ ಬಗ್ಗಿದ್ದೆನಷ್ಟೆ, ನೀವು ನನ್ನ ಮೊಣಕೈ ಹಿಡಿದು ಎತ್ತಿಬಿಟ್ಟಿರಿ. “ಏಳು ಏಳು! ಬಾಡಿಗೆ ಗೌನು ಕಣೇ ಅದು, ಮಣ್ಣಾದ್ರೆ ದಂಡ ಹಾಕ್ತಾರೆ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಫೋಟೋ, ಆಮೇಲೆ ಕೋಳಿಸಾರು, ನ್ಸೀಮಾ ಮುದ್ದೆ, ನೆಂಟರು, ಆಮೇಲೆ ಕೆಲಸದ ಆದೇಶ, ಆಮೇಲೆ ಬಸ್‌ಸ್ಟ್ಯಾಂಡಿನ ಗಡಿಬಿಡಿ. ಜೋಡಿಸಿಟ್ಟ ಮಾತು ಹಾಗೇ ಉಳಿಯಿತು.

ಇವತ್ತು ಭಾನುವಾರ ಮಧ್ಯಾಹ್ನ. ನನ್ನ ಕೋಣೆಯ ಬಾಗಿಲು ಹಾಕಿದ್ದೇನೆ. ನೆಲ ಮಣ್ಣಿನದು, ಬೆಳಿಗ್ಗೆಯೇ ಗುಡಿಸಿದ್ದೇನೆ. ನನ್ನದೇ ಹಳೆಯ, ಬಣ್ಣ ಹೋದ ಚಿತೆಂಜೆ ಉಟ್ಟಿದ್ದೇನೆ. ಮೇಜಿನಿಂದ ಕಾಗದವನ್ನು ನೆಲಕ್ಕಿಳಿಸಿ ಈ ಕೊನೆಯ ಸಾಲುಗಳನ್ನು ಮಂಡಿಯೂರಿ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರಗಳು ಸೊಟ್ಟಗಾಗಿವೆ. ನನ್ನನ್ನು ಎತ್ತಲು ಈಗ ನಿಮ್ಮ ಕೈ ಇಲ್ಲಿಯವರೆಗೆ ಬರುವುದಿಲ್ಲ ಮಾವ. ಈ ಬಟ್ಟೆ ಬಾಡಿಗೆಯದಲ್ಲ. ಮಣ್ಣಾಗಲಿ.

ನಿಮಗೆ ಒಳ್ಳೆಯ ನಿದ್ದೆ ಬರಲಿ, ಒಳ್ಳೆಯ ಬೆಳಗಾಗಲಿ, ನಮ್ಮ ಮೇಲೆ ನಿಮ್ಮ ನೆರಳು ಬಹಳ ಕಾಲ ಇರಲಿ.

ಮಂಡಿಯೂರಿ, ಕೈ ತಟ್ಟುತ್ತ,
ನಿಮ್ಮ ತಂಗಿಯ ಮಗಳು, ನಿಮ್ಮ ಮಗಳು,
ಎಲೂಬಿ